ಗಾಳಿಯನ್ನು ಬೇಡುವ ಬೇರು

ಹೂಬಿಡುವ ಸಸ್ಯಗಳಲ್ಲಿ ಅತಿ ದೊಡ್ಡವೆನಿಸಿದ ಎರಡು ಕುಟುಂಬಗಳಲ್ಲಿ ಒಂದು ಸೂರ್ಯಕಾಂತಿ, ಸೇವಂತಿಗೆಗಳದು, ಇನ್ನೊಂದು ಆರ್ಕಿಡ್‌ಗಳದು. 25,000ಕ್ಕೂ ಹೆಚ್ಚು ಪ್ರಭೇದಗಳಿರುವ ಆರ್ಕಿಡ್ ಕುಟುಂಬದಲ್ಲಿ ಸುಮಾರು ಶೇಕಡಾ 70ರಷ್ಟು ಗಿಡಗಳು ಮಣ್ಣಿನ ಸಂಗವೇ ಇಲ್ಲದೆ, ಮರದ ಕೊಂಬೆಯನ್ನು ಬೇರುಗಳಿಂದ ಅಪ್ಪಿ ಹಿಡಿದು ಬದುಕುತ್ತವೆ. ಹೀಗೆ ಇನ್ನೊಂದು ಸಸ್ಯದ ಮೇಲೆ ನೆಲೆನಿಂತರೂ ಅದರಿಂದ ಆಹಾರವನ್ನಾಗಲಿ ನೀರನ್ನಾಗಲಿ ಕಸಿಯದ ಸಸ್ಯಗಳಿಗೆ ಅಪ್ಪುಸಸ್ಯಗಳೆಂದು ಹೆಸರು. ಮಲೆನಾಡಿನ ಮರಗಳ ಕೊಂಬೆಯಿಂದ ಮುಂಗಾರಿನ ಆಸುಪಾಸಿನಲ್ಲಿ ನಸುಗೆಂಪು ಚುಕ್ಕೆಯ ಹೂಗೊಂಚಲುಗಳನ್ನು ಇಳಿಬಿಡುವ ಸೀತಾಳೆ ದಂಡೆ ಇಂಥದೇ ಒಂದು ಆರ್ಕಿಡ್. ಅದನ್ನು ಬಂದಳಿಕೆಯೆಂದು ಬಗೆದು ಕಿತ್ತೆಸೆಯುವುದೂ ಉಂಟು. ಆದರೆ ಬಂದಳಿಕೆ ತನಗೆ ಆಸರೆಯಾದ ಮರದ ಒಳಗೆ ಹೀರುಬೇರನ್ನು ತೂರಿಸಿ ನೀರು ಮತ್ತು ಲವಣಗಳನ್ನು ಕದಿಯುತ್ತದೆ. ಸೀತಾಳೆಯ ಬೇರು ತೊಗಟೆಯ ಮೇಲ್ಮೈಯನ್ನು ದಾಟುವುದೇ ಇಲ್ಲ, ಅದಕ್ಕೆ ಮರದಿಂದ ಬೇಕಾದದ್ದು ಕೂರಲು ಜಾಗ ಮತ್ತು ಎಲೆಗಳ ನಡುವೆ ಸೋಸಿ ಬರುವ ಬೆಳಕು ಮಾತ್ರ.

ನಗರದ ನರ್ಸರಿಗಳಲ್ಲಿ ಇಂದು ಅತಿ ಹೆಚ್ಚಾಗಿ ಮಾರಾಟವಾಗುವ ಫೆಲನಾಪ್ಸಿಸ್ ಕೂಡ ಹುಟ್ಟಿನಿಂದ ಮರವಾಸಿಯೇ. ಇಂಡೊನೇಷ್ಯಾ, ಫಿಲಿಪ್ಪೀನ್ಸ್ ಮೊದಲಾದ ನಾಡುಗಳ ಬೆಚ್ಚನೆಯ ಕಾಡುಗಳಲ್ಲಿ, ಮರಗಳ ನೆರಳಿನಲ್ಲಿ ಬೆಳೆಯುವ ಪ್ರಭೇದಗಳಿಂದ ಅದರ ಸಂಕರ ತಳಿಗಳು ಹುಟ್ಟಿವೆ. ಅಗಲವಾದ ನಾಲ್ಕಾರು ಎಲೆ, ಬಾಗಿದ ದಂಟಿನ ತುಂಬ ಎರಡು ಮೂರು ತಿಂಗಳು ಬಾಡದೆ ನಿಲ್ಲುವ ಹೂಗಳು, ಮನೆಯೊಳಗಿನ ಮಂದ ಬೆಳಕನ್ನು ಇತರ ಆರ್ಕಿಡ್‌ಗಳಿಗಿಂತ ಹೆಚ್ಚು ಸಹಿಸುವ ಗುಣ ಇವುಗಳಿಂದಾಗಿ ಅದು ಮನೆಗಿಡವಾಗಿ ಜಗತ್ತನ್ನೇ ಸುತ್ತಿದೆ. ಆದರೂ ಕೊಂಡು ತಂದ ಗಿಡ ಮೊದಲ ಹೂವು ಮುಗಿದ ವರ್ಷದೊಳಗೆ ಸಾಯುವುದು ಸಾಮಾನ್ಯ ಸಂಗತಿಯಾಗಿದ್ದು, ಅದಕ್ಕೆ ಆರ್ಕಿಡ್ ನಾಜೂಕಿನ ಗಿಡವೆಂಬ ಕಾರಣವನ್ನು ಕೊಡಲಾಗುತ್ತದೆ. ಈ ಕಾರಣ ಸರಿಯಲ್ಲ. ಬಿಸಿಲು, ಗಾಳಿ, ವಾರಗಟ್ಟಲೆಯ ಒಣಹವೆಯನ್ನು ಕೊಂಬೆಯ ಮೇಲೆ ತಾಳಿಕೊಂಡು ಬಂದ ವಂಶ ಅದು. ಮನೆಗಳಲ್ಲಿ ಸಾಯುವ ಆರ್ಕಿಡ್‌ಗಳಲ್ಲಿ ಬಹುಪಾಲು ಸಾಯುವುದು ನೀರಿಲ್ಲದೆ ಅಲ್ಲ, ಬೇರಿಗೆ ಗಾಳಿಯಿಲ್ಲದೆ. ಇದು ಹೇಗೆಂದು ತಿಳಿಯಲು ಬೇರಿನ ರಚನೆಯನ್ನು ನೋಡಬೇಕು.

ಮಣ್ಣಿನಲ್ಲಿ ಬೆಳೆಯುವ ಸಸ್ಯಗಳ ಬೇರಿನ ತುದಿಯಲ್ಲಿ ಕೂದಲಿನಷ್ಟು ತೆಳುವಾದ ರೋಮಗಳಿದ್ದು, ಮಣ್ಣಿನ ಕಣಗಳ ನಡುವೆ ಸದಾ ಉಳಿದಿರುವ ತೇವವನ್ನು ಅವು ನಿಧಾನವಾಗಿ ಎಳೆದುಕೊಳ್ಳುತ್ತವೆ. ಮರದ ಕೊಂಬೆಯ ಮೇಲೆ ಅಂಥ ತೇವದ ದಾಸ್ತಾನು ಇಲ್ಲ. ಮಳೆ ಬಂದಾಗ ತೊಗಟೆಯ ಮೇಲೆ ನೀರು ಹರಿದು ಹೋಗುತ್ತದೆ, ಅರ್ಧ ದಿನದಲ್ಲಿ ತೊಗಟೆ ಒಣಗುತ್ತದೆ. ಆದುದರಿಂದ ಅಪ್ಪುಸಸ್ಯಗಳಾದ ಆರ್ಕಿಡ್‌ಗಳ ಬೇರು ವೆಲಾಮೆನ್ ಎಂಬ ಹೊದಿಕೆಯನ್ನು ಬೆಳೆಸಿಕೊಂಡಿದೆ. ವೆಲಾಮೆನ್ ಎಂದರೆ ಬೇರಿನ ಹೊರಮೈಯಲ್ಲಿ ಪದರ ಪದರವಾಗಿ ಕೂಡಿರುವ ಸತ್ತ ಕೋಶಗಳ ಕವಚ. ಒಳಗಿನ ಜೀವದ್ರವ್ಯ ಬತ್ತಿಹೋಗಿ ಕೋಶಗಳ ಗೋಡೆಗಳು ಮಾತ್ರ ಉಳಿದಿರುವುದರಿಂದ ಅವುಗಳಲ್ಲಿ ಗಾಳಿ ತುಂಬಿಕೊಂಡಿರುತ್ತದೆ, ನೀರು ತಗುಲಿದೊಡನೆ ಒಣ ಸೀಮೆಸುಣ್ಣದ ತುಂಡು ಹೀರುವಂತೆ ಕವಚ ಅದನ್ನು ಹೀರಿಕೊಳ್ಳುತ್ತದೆ. ಮಳೆಯ ಮೊದಲ ಹನಿಗಳು ಮೇಲಿನ ಎಲೆ ಕೊಂಬೆಗಳ ಧೂಳು, ಹಕ್ಕಿಯ ಹಿಕ್ಕೆಗಳನ್ನು ತೊಳೆದು ತರುವುದರಿಂದ ಪೋಷಕಾಂಶಗಳು ಅವುಗಳಲ್ಲೇ ಹೆಚ್ಚು. ಆ ಹನಿಗಳನ್ನು ಕ್ಷಣಗಳಲ್ಲಿ ಹಿಡಿದಿಟ್ಟುಕೊಂಡು ಒಳಗಿನ ಜೀವಂತ ಕೋಶಗಳಿಗೆ ಬಿಡುವಿನಲ್ಲಿ ಉಣಿಸುವುದು ಈ ಕವಚದ ಕೆಲಸ. ಒಣಗಿದ ಬೇರು ಬೆಳ್ಳಿಯ ಬಿಳುಪಿನಲ್ಲಿ ಕಾಣುವುದು ವೆಲಾಮೆನ್ ಕೋಶಗಳೊಳಗಿನ ಗಾಳಿಯಿಂದಾಗಿ. ನೆನೆದಾಗ ಕವಚ ಪಾರದರ್ಶಕವಾಗಿ ಅದರ ಕೆಳಗಿನ ಕೋಶಗಳ ಪತ್ರಹರಿತ್ತು ಹೊರಗೆ ತೋರುವುದರಿಂದ ಬೇರು ಹಸಿರಾಗುತ್ತದೆ. ಗಿಡಕ್ಕೆ ನೀರು ಬೇಕೋ ಬೇಡವೋ ಎಂಬುದನ್ನು ತಿಳಿಯಲು ಇದಕ್ಕಿಂತ ನಂಬಲರ್ಹವಾದ ಸೂಚಕ ಮತ್ತೊಂದಿಲ್ಲ, ಮತ್ತು ಪಾರದರ್ಶಕ ಪ್ಲಾಸ್ಟಿಕ್ ಕುಂಡದ ನಿಜವಾದ ಉಪಯೋಗ ಇರುವುದೂ ಇಲ್ಲಿಯೇ.

ಇದೇ ಕವಚ ಮನೆಯ ಕುಂಡದೊಳಗೆ ಬೇರಿಗೆ ಕುತ್ತಾಗುವುದುಂಟು. ಬೇರಿನ ಜೀವಂತ ಕೋಶಗಳು ಹಗಲಿರುಳೂ ಉಸಿರಾಡುತ್ತವೆ, ಅವಕ್ಕೆ ಬೇಕಾದ ಆಮ್ಲಜನಕ ಹೊರಗಿನ ಗಾಳಿಯಿಂದ ವೆಲಾಮೆನ್ ಮೂಲಕವೇ ಬರಬೇಕು. ಆಮ್ಲಜನಕ ಗಾಳಿಯಲ್ಲಿ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಹರಡುವ ವೇಗ ಸುಮಾರು 10,000 ಪಟ್ಟು ಕಡಿಮೆ. ಕವಚ ಕೆಲವು ಗಂಟೆ ನೆನೆದು ಮತ್ತೆ ಒಣಗಿದರೆ ಬೇರಿಗೆ ನೀರೂ ಸಿಕ್ಕುತ್ತದೆ, ಉಸಿರೂ ಸಿಕ್ಕುತ್ತದೆ. ಅದು ದಿನಗಟ್ಟಲೆ ನೆನೆದೇ ಇದ್ದರೆ ಒಳಗಿನ ಕೋಶಗಳು ಆಮ್ಲಜನಕವಿಲ್ಲದೆ ಶಕ್ತಿಗುಂದುತ್ತವೆ, ಹಾಗೆ ಸೊರಗಿದ ಬೇರಿಗೆ ಪಿಥಿಯಂ, ಫೈಟಾಫ್ತೊರಾ ಮುಂತಾದ ಕೊಳೆರೋಗದ ಜೀವಿಗಳು ಸುಲಭವಾಗಿ ನುಗ್ಗುತ್ತವೆ. ಹೀಗೆ ಬೇರು ಕೊಳೆತ ಗಿಡದ ಎಲೆಗಳು ನೀರು ಸಿಗದೆ ಸುಕ್ಕುಗಟ್ಟಿ ಜೋಲುತ್ತವೆ. ಅದನ್ನು ಕಂಡ ಮನೆಯವರು ಗಿಡಕ್ಕೆ ಬಾಯಾರಿದೆಯೆಂದು ಭಾವಿಸಿ ಇನ್ನಷ್ಟು ನೀರು ಹಾಕುವುದು, ಉಳಿದ ಬೇರುಗಳೂ ಅದರಿಂದ ಕೊಳೆಯುವುದು ಪದೇ ಪದೇ ನಡೆಯುವ ದುರಂತ. ಸುಕ್ಕಿದ ಎಲೆ ನೀರಿನ ಕೊರತೆಯನ್ನು ಹೇಳುತ್ತದೆಯೇ ಹೊರತು ಆ ಕೊರತೆ ಕುಂಡದಲ್ಲಿದೆಯೋ ಬೇರಿನಲ್ಲಿದೆಯೋ ಎಂಬುದನ್ನು ಹೇಳುವುದಿಲ್ಲ. ಗಿಡವನ್ನು ಕುಂಡದಿಂದ ಹೊರತೆಗೆದು ಬೇರನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದರೆ ಉತ್ತರ ಸಿಗುತ್ತದೆ: ಜೀವವಿರುವ ಬೇರು ಗಟ್ಟಿಯಾಗಿರುತ್ತದೆ, ಕೊಳೆತದ್ದು ಮೆತ್ತಗಾಗಿ ಕಂದುನೀರು ಬಿಡುತ್ತದೆ.

ಈ ಪಾಠವನ್ನು ಯುರೋಪಿನ ಶ್ರೀಮಂತರು ಅಪಾರ ಬೆಲೆ ತೆತ್ತು ಕಲಿತರು. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಉಷ್ಣವಲಯದಿಂದ ಇಂಗ್ಲೆಂಡಿಗೆ ಹಡಗುಗಳಲ್ಲಿ ಬಂದಿಳಿದ ಆರ್ಕಿಡ್‌ಗಳನ್ನು, ಉಷ್ಣವಲಯವೆಂದರೆ ಎಲ್ಲೆಡೆಯೂ ಬಿಸಿ ಮತ್ತು ಹಸಿಯೆಂಬ ಕಲ್ಪನೆಯಿಂದ, ಕಲ್ಲಿದ್ದಲಿನಿಂದ ಕಾಯಿಸಿದ, ಗಾಳಿಯಾಡದ ಗಾಜಿನ ಮನೆಗಳಲ್ಲಿ ಇಡಲಾಗುತ್ತಿತ್ತು. ಅವು ರಾಶಿ ರಾಶಿಯಾಗಿ ಸತ್ತವು. 1830ರ ದಶಕದಲ್ಲಿ ಚಾಟ್ಸ್‌ವರ್ತ್ ಎಂಬ ಇಂಗ್ಲಿಷ್ ಎಸ್ಟೇಟಿನ ತೋಟದ ಮುಖ್ಯಸ್ಥನಾಗಿದ್ದ ಜೋಸೆಫ್ ಪ್ಯಾಕ್ಸ್‌ಟನ್ ಗಾಜಿನ ಮನೆಗೆ ಗಾಳಿ ಬಿಟ್ಟು, ಉಷ್ಣತೆಯನ್ನು ತಗ್ಗಿಸಿ, ಬೇರೆ ಬೇರೆ ನಾಡಿನ ಗಿಡಗಳಿಗೆ ಬೇರೆ ಬೇರೆ ಹವೆಯ ಮನೆಗಳನ್ನು ರೂಪಿಸಿದ ಮೇಲೆ ಪರಿಸ್ಥಿತಿ ಸುಧಾರಿಸತೊಡಗಿತು. ಆದರೂ ಹಳೆಯ ನಂಬಿಕೆ ಬೇಗ ಅಳಿಯಲಿಲ್ಲ. 1850ರಲ್ಲಿ ಈಗಿನ ಮೇಘಾಲಯದ ಖಾಸಿ ಬೆಟ್ಟಗಳಲ್ಲಿ ಸುತ್ತುತ್ತಿದ್ದ ಸಸ್ಯವಿಜ್ಞಾನಿ ಜೋಸೆಫ್ ಹೂಕರ್, ಇಂಗ್ಲೆಂಡಿನಲ್ಲಿ ದುಬಾರಿ ಬೆಲೆಗೆ ಮಾರಾಟವಾಗುತ್ತಿದ್ದ ನೀಲಿ ವಾಂಡಾ ಎಂಬ ಆರ್ಕಿಡ್ ತನ್ನ ತವರಿನಲ್ಲಿ ಹೇಗೆ ಬೆಳೆಯುತ್ತದೆ ಎಂಬುದನ್ನು ತನ್ನ ಹಿಮಾಲಯದ ಪ್ರವಾಸಕಥನದಲ್ಲಿ ವಿವರವಾಗಿ ದಾಖಲಿಸಿದ್ದಾನೆ. ಮೂರರಿಂದ ನಾಲ್ಕು ಸಾವಿರ ಅಡಿ ಎತ್ತರದ ಹುಲ್ಲುಗುಡ್ಡಗಳಲ್ಲಿ, ಎಲೆ ವಿರಳವಾದ ಗಿಡ್ಡ ಓಕ್ ಮರಗಳ ಕೊಂಬೆಯ ಮೇಲೆ, ಬಿಸಿಲು, ಮಳೆ, ಗಾಳಿಗಳಿಗೆ ಪೂರ್ತಿ ಮೈಯೊಡ್ಡಿಕೊಂಡು ಅದು ಹಬ್ಬಿತ್ತು. ಅದರ ಬೇರುಗಳು ಪಾಚಿಯೂ ಇಲ್ಲದ ಒರಟು ಒಣ ತೊಗಟೆಯ ಮೇಲೆ ಚಾಚಿಕೊಂಡಿದ್ದವು. ಮಳೆಗಾಲದಲ್ಲಿ ಹವೆ ತೀರ ತೇವವಾದರೂ ನಿಂತ ಗಾಳಿಯಾಗಲಿ ಹಬೆಯ ಸೆಕೆಯಾಗಲಿ ಅಲ್ಲಿರಲಿಲ್ಲ. ಹೂಬಿಡುವ ಕಾಲದಲ್ಲಿ ಉಷ್ಣತೆ ಸುಮಾರು 15ರಿಂದ 27 ಡಿಗ್ರಿ ಸೆಲ್ಸಿಯಸ್‌ವರೆಗೆ ಇತ್ತು. ಇಂಗ್ಲೆಂಡಿನಲ್ಲಿ ಅದಕ್ಕೆ ಅಗತ್ಯವೆಂದು ನಂಬಿದ್ದ ಆರೈಕೆ ಇದಕ್ಕೆ ಪೂರ್ತಿ ವಿರುದ್ಧವಾಗಿದೆಯೆಂದು ಹೂಕರ್ ನೇರವಾಗಿಯೇ ಬರೆದ. ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆಂದು ಏಳು ಆಳುಗಳು ಹೊರುವಷ್ಟು ಗಿಡಗಳನ್ನು ಅವನು ಕೀಳಿಸಿದನೆಂಬುದೂ, ಅವುಗಳಲ್ಲಿ ಜೀವಂತವಾಗಿ ಇಂಗ್ಲೆಂಡ್ ಮುಟ್ಟಿದ್ದು ಕೆಲವೇ ಎಂಬುದೂ ಅದೇ ಪುಸ್ತಕದಲ್ಲಿದೆ. ಅಷ್ಟು ಸೂಕ್ಷ್ಮವಾಗಿ ನೋಡಬಲ್ಲ ಕಣ್ಣು ಅಷ್ಟು ಗಿಡಗಳ ನಾಶಕ್ಕೂ ಕಾರಣವಾದದ್ದು ಆ ಕಾಲದ ಸಸ್ಯಸಂಗ್ರಹದ ನೋವಿನ ಮುಖ.

ಬೇರಿಗೆ ಗಾಳಿ ಇಷ್ಟು ಮುಖ್ಯವಾಗಿರುವಾಗ ಕುಂಡಕ್ಕೆ ತುಂಬುವ ವಸ್ತುವಿನ ಕೆಲಸ ಗಿಡಕ್ಕೆ ಆಹಾರ ಕೊಡುವುದಲ್ಲ. ಗಿಡವನ್ನು ನಿಲ್ಲಿಸಿ ಹಿಡಿದು, ಸ್ವಲ್ಪ ತೇವವನ್ನು ಉಳಿಸಿಕೊಂಡು, ಬೇರುಗಳ ನಡುವೆ ಗಾಳಿ ಓಡಾಡಲು ದಾರಿ ಬಿಡುವುದು. ಪೈನ್ ಮರದ ತೊಗಟೆಯ ಚೂರು, ಇದ್ದಿಲು, ಹೆಂಚಿನ ಅಥವಾ ಇಟ್ಟಿಗೆಯ ತುಂಡು, ತೆಂಗಿನ ಸಿಪ್ಪೆಯ ತುಂಡು ಇವೆಲ್ಲ ಬಳಕೆಯಲ್ಲಿವೆ. ಕೆಂಪುಮಣ್ಣು, ಗೊಬ್ಬರಗಳಿಗೆ ಇಲ್ಲಿ ಜಾಗವಿಲ್ಲ. ತೆಂಗಿನ ಸಿಪ್ಪೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಲವಣಗಳು ಇರುವುದರಿಂದ ಅದನ್ನು ಹಲವು ಸಲ ನೀರು ಬದಲಿಸಿ ನೆನೆಹಾಕಿ ತೊಳೆದ ಮೇಲೆಯೇ ಬಳಸಬೇಕು. ಅಂಗಡಿಯಿಂದ ಬರುವ ಫೆಲನಾಪ್ಸಿಸ್ ಗಿಡಗಳ ಬುಡದಲ್ಲಿ ಹೆಚ್ಚಾಗಿ ಸ್ಫ್ಯಾಗ್ನಮ್ ಎಂಬ ಪಾಚಿಯನ್ನು ಒತ್ತಿ ತುಂಬಿರುತ್ತಾರೆ. ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಡುವ ಈ ಪಾಚಿ, ಉಷ್ಣತೆ ಮತ್ತು ಗಾಳಿಯ ಓಡಾಟವನ್ನು ಯಂತ್ರಗಳು ನಿಯಂತ್ರಿಸುವ ಹಸಿರುಮನೆಗೆ ಹೇಳಿ ಮಾಡಿಸಿದಂಥದು. ಗಾಳಿ ನಿಂತ ಫ್ಲ್ಯಾಟಿನ ಮೂಲೆಯಲ್ಲಿ ಅದು ಹತ್ತು ಹದಿನೈದು ದಿನವಾದರೂ ಒಣಗದೆ, ಹೊರಪದರ ಒಣಗಿದಂತೆ ಕಂಡರೂ ಒಳಗೆ ನೆನೆದೇ ಇರುತ್ತದೆ. ಹೂವು ಮುಗಿದೊಡನೆ ಆ ಪಾಚಿಯನ್ನು ಬಿಡಿಸಿ ತೆಗೆದು, ಸತ್ತ ಬೇರುಗಳನ್ನು ಕಾಯಿಸಿ ಶುದ್ಧಗೊಳಿಸಿದ ಕತ್ತರಿಯಿಂದ ಕತ್ತರಿಸಿ, ತೊಗಟೆ ಮತ್ತು ಇದ್ದಿಲಿನ ಮಿಶ್ರಣಕ್ಕೆ ಗಿಡವನ್ನು ವರ್ಗಾಯಿಸುವುದು ಅದರ ಆಯುಸ್ಸನ್ನು ಹೆಚ್ಚಿಸುವ ಎಲ್ಲಕ್ಕಿಂತ ದೊಡ್ಡ ಕೆಲಸ. ತೊಗಟೆಯೂ ಶಾಶ್ವತವಲ್ಲ. ಸೂಕ್ಷ್ಮಜೀವಿಗಳು ಅದನ್ನು ಒಡೆಯುತ್ತಾ ಬಂದಂತೆ ಚೂರುಗಳು ಪುಡಿಯಾಗಿ ಗಾಳಿಯ ಸಂದುಗಳನ್ನು ಮುಚ್ಚುತ್ತವೆ, ಆ ಜೀವಿಗಳೂ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆಯಾದರೂ ಅದನ್ನು ಬದಲಿಸಬೇಕಾಗುತ್ತದೆ. ದೊಡ್ಡ ಕುಂಡ ಕೊಟ್ಟರೆ ಗಿಡ ದೊಡ್ಡದಾಗುತ್ತದೆಂಬ ಎಣಿಕೆ ಇಲ್ಲಿ ನಡೆಯದು, ಏಕೆಂದರೆ ಬೇರುಗಳು ತಲುಪದ ಕುಂಡದ ನಡುಭಾಗ ಒಣಗಲು ತೆಗೆದುಕೊಳ್ಳುವ ಸಮಯ ಬೇರಿಗೆ ಮುಳುವಾಗುತ್ತದೆ. ಕುಂಡದಿಂದ ಹೊರಚಾಚಿದ ಬೇರುಗಳನ್ನು ಒಳಕ್ಕೆ ತುರುಕುವುದೂ ತಪ್ಪು. ಅವು ತಮಗೆ ಬೇಕಾದ ಕಡೆಗೆ ಹೋಗಿರುತ್ತವೆ.

ವಾರಕ್ಕೊಮ್ಮೆ ನೀರು ಎಂದು ಗಿಡದ ಚೀಟಿಯ ಮೇಲೆ ಅಚ್ಚಾಗಿರುವ ಸೂಚನೆ ಯಾವ ಊರಿಗೂ ಯಾವ ಋತುವಿಗೂ ಪೂರ್ತಿ ಹೊಂದುವುದಿಲ್ಲ. ಮಾರ್ಚ್ ತಿಂಗಳ ಬಯಲುಸೀಮೆಯಲ್ಲಿ ತೊಗಟೆ ತುಂಬಿದ ಕುಂಡ ಮೂರು ದಿನಕ್ಕೆ ಒಣಗಬಹುದು, ಜುಲೈ ತಿಂಗಳ ಮಡಿಕೇರಿಯಲ್ಲಿ ಹತ್ತು ದಿನವಾದರೂ ಒಣಗದಿರಬಹುದು. ಬೇರುಗಳೆಲ್ಲ ಬೆಳ್ಳಿಬಣ್ಣಕ್ಕೆ ತಿರುಗಿ ಕುಂಡ ಕೈಗೆ ಹಗುರವೆನಿಸಿದಾಗ, ಕೆಳಗಿನ ತೂತುಗಳಿಂದ ಹರಿದು ಹೋಗುವಷ್ಟು ನೀರನ್ನು ಒಮ್ಮೆಗೇ ಧಾರಾಳವಾಗಿ ಕೊಟ್ಟು, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ, ಮತ್ತೆ ಒಣಗುವವರೆಗೆ ಕಾಯಬೇಕು. ನೀರು ಬೆಳಗ್ಗೆ ಹಾಕುವುದೇ ಲೇಸು. ಫೆಲನಾಪ್ಸಿಸ್ ಮತ್ತು ವಾಂಡಾಗಳು ಒಂದೇ ಕಾಂಡದ ತುದಿಯಲ್ಲಿ ಎಲೆಯ ಮೇಲೆ ಎಲೆ ಬಿಡುತ್ತಾ ಬೆಳೆಯುವ ಗಿಡಗಳಾಗಿದ್ದು, ಆ ತುದಿಯ ಕುಡಿಯಲ್ಲಿ ರಾತ್ರಿಯಿಡೀ ನೀರು ನಿಂತು ಅದು ಕೊಳೆತರೆ ಗಿಡದ ಬೆಳವಣಿಗೆಯೇ ನಿಲ್ಲುತ್ತದೆ. ಬುಡದಿಂದ ಮರಿ ಒಡೆಯುವುದು ಅಪರೂಪದ ಅದೃಷ್ಟ. ಡೆಂಡ್ರೋಬಿಯಂ, ಕ್ಯಾಟ್ಲಿಯಾ ಎಂಬ ಆರ್ಕಿಡ್‌ಗಳದು ಬೇರೆ ಬಗೆ: ಅವು ಬುಡದಲ್ಲಿ ವರ್ಷ ವರ್ಷವೂ ಹೊಸ ಚಿಗುರು ಹೊಡೆದು ಸಾಲಾಗಿ ಮುಂದುವರಿಯುತ್ತವೆ, ನೀರು ಮತ್ತು ಆಹಾರವನ್ನು ದಪ್ಪನೆಯ ಉಬ್ಬುಕಾಂಡಗಳಲ್ಲಿ ಕೂಡಿಟ್ಟುಕೊಳ್ಳುವುದರಿಂದ ಒಣಹವೆಯನ್ನು ಇನ್ನೂ ಹೆಚ್ಚು ದಿನ ತಾಳಬಲ್ಲವು.

ನೀರನ್ನು ಮಿತವಾಗಿ ಬಳಸಲು ಎಲೆಗಳೂ ಒಂದು ಉಪಾಯ ಮಾಡುತ್ತವೆ. ಹೆಚ್ಚಿನ ಸಸ್ಯಗಳು ಎಲೆಯ ಪತ್ರರಂಧ್ರಗಳನ್ನು, ಅಂದರೆ ಗಾಳಿ ಒಳಹೊರಗೆ ಆಡುವ ಸೂಕ್ಷ್ಮ ಬಾಯಿಗಳನ್ನು, ಹಗಲಿನಲ್ಲಿ ತೆರೆಯುತ್ತವೆ. ಫೆಲನಾಪ್ಸಿಸ್ ಅವನ್ನು ರಾತ್ರಿಯ ತಂಪಿನಲ್ಲಿ ತೆರೆದು, ಒಳಬಂದ ಇಂಗಾಲದ ಡೈ ಆಕ್ಸೈಡನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಶೇಖರಿಸಿಟ್ಟು, ಹಗಲಿನಲ್ಲಿ ರಂಧ್ರಗಳನ್ನು ಮುಚ್ಚಿಕೊಂಡು ಅದೇ ಆಮ್ಲವನ್ನು ಒಡೆದು ಬಿಸಿಲಿನ ಬಲದಿಂದ ಸಕ್ಕರೆ ತಯಾರಿಸುತ್ತದೆ. ಕಳ್ಳಿ, ಅನಾನಸು, ಕಾಡುಬಸಳೆಗಳಲ್ಲಿಯೂ ಇರುವ ಈ ಕ್ರಮದ ಆರಂಭಿಕ ದಾಖಲೆಗಳಲ್ಲೊಂದಕ್ಕೆ ದಕ್ಷಿಣ ಭಾರತದ ನಂಟಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕೆಲಕಾಲ ಲಾಲ್‌ಬಾಗಿನ ಉಸ್ತುವಾರಿ ಹೊತ್ತಿದ್ದ ಬೆಂಜಮಿನ್ ಹೈನ್, ಕಾಡುಬಸಳೆಯ ಎಲೆ ಬೆಳಗ್ಗೆ ಹುಳಿಯಾಗಿ, ಮಧ್ಯಾಹ್ನ ಸಪ್ಪೆಯಾಗಿ, ಸಂಜೆಗೆ ಕಹಿಯಾಗಿ ಇರುವುದನ್ನು ನಾಲಗೆಯಿಂದಲೇ ಕಂಡುಕೊಂಡು ಲಂಡನ್ನಿನ ಲಿನ್ನಿಯನ್ ಸೊಸೈಟಿಗೆ ತಿಳಿಸಿದ್ದ; ಬೆಳಗಿನ ಹುಳಿ ರಾತ್ರಿ ಕೂಡಿಟ್ಟ ಮ್ಯಾಲಿಕ್ ಆಮ್ಲದ್ದು. ಇಂಥ ಗಿಡಗಳು ರಾತ್ರಿ ಆಮ್ಲಜನಕ ಬಿಡುತ್ತವೆಂದು ಹೇಳಿ ಮಲಗುವ ಕೋಣೆಗೆ ಮಾರುವುದುಂಟಾದರೂ ಆಮ್ಲಜನಕ ಹುಟ್ಟುವುದು ಬೆಳಕಿರುವಾಗ ಮಾತ್ರ.

ಬೆಳಕಿನ ವಿಷಯದಲ್ಲಿ ಮನುಷ್ಯನ ಕಣ್ಣು ಒಳ್ಳೆಯ ಮಾಪಕವಲ್ಲ. ಬೆಳಕಿನ ತೀವ್ರತೆಯನ್ನು ಅಳೆಯುವ ಲಕ್ಸ್ ಎಂಬ ಮಾನದಲ್ಲಿ, ಚೆನ್ನಾಗಿ ಬೆಳಗಿದೆಯೆನಿಸುವ ಕೋಣೆಯ ನಡುವೆ ಇರುವುದು ಕೆಲವು ನೂರು ಲಕ್ಸ್ ಮಾತ್ರವಾದರೆ, ಫೆಲನಾಪ್ಸಿಸ್ ಹೂಬಿಡಲು ಸುಮಾರು 10,000ದಿಂದ 15,000 ಲಕ್ಸ್ ಬೇಕು. ಕ್ಯಾಟ್ಲಿಯಾಗೆ ಅದರ ಎರಡರಷ್ಟು, ವಾಂಡಾಗಳಿಗೆ ಇನ್ನೂ ಹೆಚ್ಚು. ಪೂರ್ವದ ಕಿಟಕಿಯ ಪಕ್ಕ ಅಥವಾ ತೆಳುವಾದ ಪರದೆ ಬಿಟ್ಟ ದಕ್ಷಿಣದ ಕಿಟಕಿಯ ಬಳಿ ಫೆಲನಾಪ್ಸಿಸ್‌ಗೆ ಸಾಕಷ್ಟು ಬೆಳಕು ಸಿಗುತ್ತದೆ. ಎಲೆ ಕಡುಹಸಿರಾಗಿ ಉದ್ದುದ್ದ ಬಾಗಿದರೆ ಬೆಳಕು ಸಾಲದು, ತೆಳುಹಸಿರಾಗಿ ಗಟ್ಟಿಯಾಗಿದ್ದರೆ ಹದವಾಗಿದೆ, ಅಂಚು ಕೆಂಪೇರಿದರೆ ಮಿತಿ ಮುಟ್ಟಿದೆ ಎಂದು ತಿಳಿಯಬಹುದು.

ಗೊಬ್ಬರದ ವಿಷಯ ಚಿಕ್ಕದು. ಕೊಂಬೆಯ ಮೇಲೆ ಆರ್ಕಿಡ್‌ಗೆ ಸಿಗುವುದು ಮಳೆನೀರಿನಲ್ಲಿ ಕರಗಿದ ಅತ್ಯಲ್ಪ ಲವಣಗಳಾದ್ದರಿಂದ, ನೀರಿನಲ್ಲಿ ಕರಗುವ ಗೊಬ್ಬರವನ್ನು ಪೊಟ್ಟಣದ ಮೇಲೆ ಹೇಳಿದ್ದರ ಕಾಲುಭಾಗದಷ್ಟು ಮಾತ್ರ ಬೆರೆಸಿ, ಗಿಡ ಹೊಸ ಎಲೆ ಬೇರು ಬಿಡುತ್ತಿರುವಾಗ ಕೊಟ್ಟರೆ ಸಾಕು. ಬೋರ್‌ವೆಲ್ ನೀರಿನ ಗಡಸುತನ ಇದಕ್ಕಿಂತ ದೊಡ್ಡ ತೊಡಕು. ಅದರ ಲವಣಗಳು ತೊಗಟೆಯ ಮೇಲೆ ಬಿಳಿ ಪೊರೆಗಟ್ಟಿ ಬೇರಿನ ಎಳೆಯ ತುದಿಗಳನ್ನು ಕಪ್ಪಾಗಿಸುತ್ತವೆ. ಹಿಡಿದಿಟ್ಟ ಮಳೆನೀರು ಎಲ್ಲಕ್ಕಿಂತ ಉತ್ತಮ.

ಗಿಡ ಸೊಂಪಾಗಿ ಬೆಳೆದರೂ ಹೂಬಿಡದಿರುವುದಕ್ಕೆ ಹೆಚ್ಚಿನ ಸಲ ಉಷ್ಣತೆಯೇ ಕಾರಣ. ಫೆಲನಾಪ್ಸಿಸ್‌ನ ಎಲೆಯ ಬುಡದಲ್ಲಿ ಸುಪ್ತವಾಗಿರುವ ಮೊಗ್ಗು ಹೂದಂಟಾಗಿ ಹೊರಡಲು ಹಲವು ವಾರಗಳ ಕಾಲ ಉಷ್ಣತೆ 25-26 ಡಿಗ್ರಿಗಿಂತ ಕೆಳಗಿರಬೇಕು. ದಿನದಲ್ಲಿ ಹಲವು ಗಂಟೆ 28-29 ಡಿಗ್ರಿ ಮೀರಿದರೆ ಅದು ಎಲೆಗಳನ್ನಷ್ಟೇ ಬಿಡುತ್ತಾ ಹೋಗುತ್ತದೆ. ವಾಣಿಜ್ಯ ಬೆಳೆಗಾರರು ಗಿಡಗಳನ್ನು ಮೊದಲು ಬೆಚ್ಚಗಿಟ್ಟು ಬಲಿಸಿ, ಬೇಕಾದ ಕಾಲಕ್ಕೆ ತಂಪಿಗೆ ಸಾಗಿಸಿ, ಹಬ್ಬದ ಮಾರುಕಟ್ಟೆಗೆ ಸರಿಯಾಗಿ ಹೂ ತರಿಸುವುದು ಈ ತಿಳಿವಿನಿಂದಲೇ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿಯ ಹವೆ ತಾನಾಗಿಯೇ ಈ ತಂಪನ್ನು ಒದಗಿಸುವುದರಿಂದ ಚಳಿಗಾಲದಲ್ಲಿ ದಂಟು ಹೊರಟು ಬೇಸಿಗೆಯ ಹೊತ್ತಿಗೆ ಹೂ ಅರಳುತ್ತದೆ. ಚಳಿಗಾಲದ ಹಗಲೂ 30 ಡಿಗ್ರಿ ದಾಟುವ ಮಂಗಳೂರಿನಲ್ಲಿ ಅದೇ ಗಿಡ ವರ್ಷಗಳ ಕಾಲ ಎಲೆಯಲ್ಲೇ ಉಳಿಯಬಹುದು; ಅಂಥ ಕರಾವಳಿಯ ಮನೆಗಳಿಗೆ ಸೆಕೆಯಲ್ಲೂ ಹೂಬಿಡುವ ಡೆಂಡ್ರೋಬಿಯಂ ಸಂಕರ ತಳಿಗಳು, ವಾಂಡಾಗಳು ಹೆಚ್ಚು ಒಗ್ಗುತ್ತವೆ. ಊರಿನ ಹವೆಯೊಡನೆ ಹೋರಾಡುವುದಕ್ಕಿಂತ ಊರಿಗೆ ತಕ್ಕ ಗಿಡವನ್ನು ಆರಿಸುವುದು ಜಾಣತನ.

ಅರಳಿದ ಹೂವು ಬೇಗ ಬಾಡುವುದಕ್ಕೆ ಮನೆಯೊಳಗೇ ಒಂದು ಕಾಣದ ಕಾರಣವಿರುತ್ತದೆ. ಪರಾಗಸ್ಪರ್ಶವಾದೊಡನೆ ಆರ್ಕಿಡ್ ಹೂವು ಎಥಿಲೀನ್ ಎಂಬ ಅನಿಲವನ್ನು ಹುಟ್ಟಿಸಿಕೊಂಡು, ಕೆಲಸ ಮುಗಿದ ಎಸಳುಗಳನ್ನು ಬಾಡಿಸಿ, ಶಕ್ತಿಯನ್ನು ಕಾಯಿಗೆ ತಿರುಗಿಸುತ್ತದೆ. ಮಾಗುತ್ತಿರುವ ಬಾಳೆ, ಮಾವುಗಳೂ ಇದೇ ಅನಿಲವನ್ನು ಹೊರಬಿಡುತ್ತವೆ, ಹೊಗೆಯಲ್ಲಿಯೂ ಅದು ಇರುತ್ತದೆ. ಹಣ್ಣಿನ ಬುಟ್ಟಿಯ ಪಕ್ಕದಲ್ಲೋ ಊದಿನಕಡ್ಡಿಯ ಹೊಗೆಯ ಸಮೀಪದಲ್ಲೋ ಇಟ್ಟ ಗಿಡದ ಮೊಗ್ಗುಗಳು ಅರಳುವ ಮುನ್ನವೇ ಹಳದಿಯಾಗಿ ಉದುರಿದರೆ ಬೇರೆ ರೋಗವನ್ನು ಹುಡುಕುವ ಮೊದಲು ಗಿಡದ ಜಾಗ ಬದಲಿಸಿ ನೋಡಬೇಕು.

ಆರ್ಕಿಡ್ ಒಂದು ಕಾಲಕ್ಕೆ ಅರಮನೆಗಳ ಸೊತ್ತಾಗಿದ್ದು ಇಂದು ಸಾಮಾನ್ಯರ ಕಿಟಕಿಗೆ ಬಂದುದರ ಹಿಂದೆ ಮೂರು ಶೋಧಗಳಿವೆ. ಆರ್ಕಿಡ್‌ನ ಒಂದು ಕಾಯಿಯಲ್ಲಿ ಸಾವಿರಗಳಿಂದ ಹಿಡಿದು ದಶಲಕ್ಷಗಳವರೆಗೆ ಬೀಜಗಳಿದ್ದರೂ, ಧೂಳಿನಷ್ಟು ಹಗುರವಾದ ಅವುಗಳಲ್ಲಿ ಮೊಳಕೆಗೆ ಬೇಕಾದ ಆಹಾರದ ಬುತ್ತಿ ಇರುವುದಿಲ್ಲ. ನೆಲದಲ್ಲೋ ತೊಗಟೆಯಲ್ಲೋ ಇರುವ ಶಿಲೀಂಧ್ರವೊಂದು ಬೀಜದೊಳಗೆ ಹೊಕ್ಕು ಅದಕ್ಕೆ ಉಣಿಸಿದಾಗ ಮಾತ್ರ ಮೊಳಕೆ ಸಾಧ್ಯವೆಂಬುದನ್ನು 1899ರಲ್ಲಿ ಫ್ರಾನ್ಸಿನ ನೋಯೆಲ್ ಬರ್ನಾರ್ ಕಂಡುಕೊಂಡ. ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ, ಸಕ್ಕರೆ ಬೆರೆಸಿದ ಅಗರ್ ಎಂಬ ಲೋಳೆಯ ಮೇಲೆ ಶಿಲೀಂಧ್ರದ ನೆರವಿಲ್ಲದೆಯೇ ಬೀಜ ಮೊಳೆಯುವುದನ್ನು ತೋರಿಸಿಕೊಟ್ಟ. 1960ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲ್ ಸಿಂಬಿಡಿಯಂ ಆರ್ಕಿಡ್‌ನ ಕುಡಿಯ ಚೂರಿನಿಂದ ತದ್ರೂಪಿ ಗಿಡಗಳನ್ನು ಪಡೆಯುವ ವಿಧಾನವನ್ನು ಪ್ರಕಟಿಸಿದ. ಇಂದು ತೈವಾನ್, ನೆದರ್ಲೆಂಡ್ಸ್‌ಗಳಿಂದ ಹೊರಡುವ ಲಕ್ಷಾಂತರ ಫೆಲನಾಪ್ಸಿಸ್‌ಗಳು ಇಂಥ ಅಂಗಾಂಶ ಕೃಷಿಯ ಸಂತಾನ.

ಕಾಡಿನ ಗಿಡಕ್ಕೆ ಈ ಸುಲಭದ ದಾರಿ ಇಲ್ಲ. ಭಾರತದಲ್ಲಿ ದಾಖಲಾಗಿರುವ ಸುಮಾರು 1,250 ಆರ್ಕಿಡ್ ಪ್ರಭೇದಗಳಲ್ಲಿ ಹಲವು, ಪಶ್ಚಿಮ ಘಟ್ಟದವೂ ಸೇರಿದಂತೆ, ಕಿತ್ತು ಮಾರುವವರಿಂದಾಗಿ ತವರಿನಲ್ಲೇ ವಿರಳವಾಗಿವೆ. ನೀಲಿ ವಾಂಡಾ, ಕೆಂಪು ವಾಂಡಾ ಮತ್ತು ಲೇಡೀಸ್ ಸ್ಲಿಪ್ಪರ್ ಆರ್ಕಿಡ್‌ಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಿತ ಸಸ್ಯಗಳ ಪಟ್ಟಿಯಲ್ಲಿವೆ, ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಇಡೀ ಆರ್ಕಿಡ್ ಕುಟುಂಬವೇ ನಿಯಂತ್ರಣಕ್ಕೆ ಒಳಪಟ್ಟಿದೆ. ಪ್ರವಾಸಕ್ಕೆ ಹೋದವರು ಕೊಂಬೆಯಿಂದ ಎಬ್ಬಿಸಿ ತಂದ ಸೀತಾಳೆ ಮನೆಯಲ್ಲಿ ನಿಲ್ಲದಿರುವುದಕ್ಕೂ ಕಾರಣ ಬೇರಿನಲ್ಲೇ ಇದೆ. ಬೆಳೆಯುವಾಗ ತೊಗಟೆಗೆ ಬಿಗಿಯಾಗಿ ಅಂಟಿಕೊಂಡ ಅದರ ಬೇರು ಕೀಳುವಾಗ ವೆಲಾಮೆನ್ ಹರಿದು, ತುದಿ ಮುರಿದು ಬರುತ್ತದೆ. ಹೊಸ ಬೇರು ಮೂಡಿ ಹೊಸ ಆಸರೆಯನ್ನು ಹಿಡಿಯುವವರೆಗೆ ಗಿಡ ಎಲೆಗಳಲ್ಲಿರುವ ನೀರನ್ನೇ ಖರ್ಚು ಮಾಡಬೇಕಾಗುತ್ತದೆ, ಬಹಳಷ್ಟು ಗಿಡಗಳಲ್ಲಿ ಹೊಸ ಬೇರು ಮೂಡುವ ಮೊದಲೇ ಆ ನೀರು ತೀರಿಹೋಗಿರುತ್ತದೆ.